ಬಿಳಿ ನಾಯಿಯ ರೊಟ್ಟಿ ಮತ್ತು ನನ್ನ ಬ್ರೇಕು

ನೀವು ಯಾವತ್ತಾದರೂ ನಾಯಿಯ ಮೇಲೆ ಸುಳ್ಳು ಅಪವಾದ ಹೊರಿಸಿದ್ದೀರಾ? ನಾನು ಹೊರಿಸಿದ್ದೇನೆ. ಅದೂ ದಿನಾ ಮುಂಜಾನೆ ಅವ್ವನ ರೊಟ್ಟಿಗಾಗಿ ನಮ್ಮ ಕಟ್ಟೆಯ ಮುಂದೆ ಬಂದು ಕೂರುವ ಬಿಳಿ ನಾಯಿಯ ಮೇಲೆ.

ಆದದ್ದಿಷ್ಟು. ಶುಗರ್ ಏರಿದೆ ಎಂದು ಡಾಕ್ಟರು ಗದರಿಸಿದ ಮೇಲೆ ಮೌಂಟನ್ ಬೈಕ್ ಒಂದನ್ನು ಕೊಂಡೆ. (ಸವದತ್ತಿಯಲ್ಲಿ ಮೌಂಟನ್ ಎಲ್ಲಿದೆ ಎಂದು ನಗಬೇಡಿ. ಯಲ್ಲಮ್ಮನ ಗುಡ್ಡದ ಏರು ಹತ್ತಿ, ಆಮೇಲೆ ನಗಿ.) ಅದಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕು. ಲಿವರ್ ಒತ್ತಿದರೆ ಸಣ್ಣ ಪೈಪಿನೊಳಗಿನ ಎಣ್ಣೆ ಎರಡು ಪ್ಯಾಡುಗಳನ್ನು ದೂಡುತ್ತದೆ. ಅವು ಚಕ್ರದ ನಡುವಿನ ಉಕ್ಕಿನ ತಟ್ಟೆಯನ್ನು ಕಚ್ಚಿ ಹಿಡಿಯುತ್ತವೆ. ಇದರ ರಿಪೇರಿಯೆಲ್ಲ ಮನೆಯಲ್ಲೇ, ನನ್ನ ಕೈಯಿಂದಲೇ. ಯೂಟ್ಯೂಬ್ ಇರುವಾಗ ಚಿಂತೆ ಏನು?

ಚಿಂತೆ ಏನೆಂದರೆ, ಯೂಟ್ಯೂಬಿನವರ ಮನೆಯಲ್ಲಿ ದಸರೆಯ ಖಂಡೇಪೂಜೆ ಇರುವುದಿಲ್ಲ.

ನಮ್ಮ ಅವ್ವನ ಖಂಡೇಪೂಜೆ ಎಂದರೆ ಮನೆಯಲ್ಲಿರುವ ಕಬ್ಬಿಣಕ್ಕೆಲ್ಲ ಅಭ್ಯಂಗ. ಕುಡಗೋಲು, ಈಳಿಗೆ, ಹೊಲಿಗೆ ಯಂತ್ರ ಎಲ್ಲವನ್ನೂ ಒರೆಸಿ, ಕುಸುಬಿ ಎಣ್ಣೆ ಸವರಿ, ವಿಭೂತಿ ಎಳೆಯುತ್ತಾಳೆ. ಈ ಸಲ ಸೈಕಲ್ಲಿಗೂ ಆ ಭಾಗ್ಯ. ಫಳಫಳ ಹೊಳೆಯುವ ಆ ಎರಡು ತಟ್ಟೆಗಳಿಗಂತೂ ತುಸು ಹೆಚ್ಚೇ. ನಾನಾಗ ಪೇಟೆಗೆ ಹೋಗಿದ್ದೆ. ಬಂದು ನೋಡಿದಾಗ ನನಗೆ ಚೆಂಡುಹೂವಿನ ಮಾಲೆ ಮಾತ್ರ ಕಂಡಿತು.

ಮುಂದಿನ ರವಿವಾರ ಗುಡ್ಡ ಹತ್ತಿದೆ. ಹತ್ತುವಾಗ ಬ್ರೇಕು ಯಾರಿಗೆ ಬೇಕು? ಇಳಿಯಲು ಶುರುಮಾಡಿ ಲಿವರ್ ಒತ್ತಿದೆ. ಲಿವರ್ ಗಟ್ಟಿಯಾಗೇ ಇತ್ತು, ಸೈಕಲ್ ಮಾತ್ರ ನಿಲ್ಲಲಿಲ್ಲ! ಪುಣ್ಯಕ್ಕೆ ಇನ್ನೂ ವೇಗ ಹೆಚ್ಚಿರಲಿಲ್ಲ. ರಸ್ತೆ ಬದಿಯ ಉಸುಕಿನ ರಾಶಿಗೆ ನುಗ್ಗಿಸಿದೆ. ಮೊಳಕೈ ತರಚಿತು. ಡಿಸ್ಕ್ ಮುಟ್ಟಿ ಬೆರಳು ಮೂಸಿ ನೋಡಿದರೆ, ಕುಸುಬಿ ಎಣ್ಣೆ.

ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ಅವ್ವ ಗಾಬರಿಯಾದಳು.

“ಏನಾತೋ ಯಪ್ಪಾ?”

ನಿನ್ನ ಎಣ್ಣೆಯಿಂದ ಬಿದ್ದೆ ಎಂದು ಹೇಗೆ ಹೇಳಲಿ? ಮಗನಿಗೆ ಒಳ್ಳೆಯದಾಗಲಿ ಎಂದು ಹಚ್ಚಿದ ಎಣ್ಣೆ ಅದು. ಅವಳ ಮುಖ ಸಣ್ಣಗಾಗುವುದನ್ನು ನಾನು ನೋಡಲಾರೆ.

“ಓಣಿ ತಿರುವಿನ್ಯಾಗ ನಾಯಿ ಅಡ್ಡ ಬಂತಬೇ.”

“ಯಾವ ನಾಯಿ?”

“ಬಿಳೇದು.”

ಬಾಯಿ ಜಾರಿತು. ನಮ್ಮ ಓಣಿಯಲ್ಲಿ ಬಿಳಿ ನಾಯಿ ಇರುವುದೇ ಒಂದು.

ಮರುದಿನದಿಂದ ಅದರ ರೊಟ್ಟಿ ಬಂದ್. “ನನ್ನ ರೊಟ್ಟಿ ತಿಂದು ನನ್ನ ಮಗನ್ನ ಕೆಡವತಿ? ನಡಿ ಆಚಿ!” ಎಂದು ಅವ್ವ ಗದರಿದಳು. ಅದು ಬಾಲ ಅಲ್ಲಾಡಿಸಿ ಅಲ್ಲೇ ಕೂತಿತು. ನಾನು ಹಿತ್ತಲಲ್ಲಿ ಕಳ್ಳನ ಹಾಗೆ ಡಿಸ್ಕುಗಳನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಎಣ್ಣೆ ಕುಡಿದಿದ್ದ ಪ್ಯಾಡುಗಳನ್ನು ಕಿತ್ತು ಹೊಸವನ್ನು ಕೂಡಿಸಿದೆ. ಬ್ರೇಕು ಸರಿಹೋಯಿತು. ನಾಯಿ ಮಾತ್ರ ಕಟ್ಟೆಯ ಮುಂದೆ ಕಾಯುತ್ತಲೇ ಇತ್ತು.

ಹೆಂಡತಿಗೆ ಮಾತ್ರ ನಿಜ ಹೇಳಿದ್ದೆ. “ಆ ಮೂಕ ಪ್ರಾಣಿ ಏನ್ ಪಾಪ ಮಾಡೈತ್ರಿ?” ಎಂದಳು. ನನಗೆ ಊಟ ಸೇರದಾಯಿತು. ಒಂದು ಮುಂಜಾನೆ ಅವ್ವನಿಗೆ ಎಲ್ಲ ಹೇಳಿಬಿಟ್ಟೆ.

ಅವ್ವ ಸೈಕಲ್ಲಿನ ಮುಂದೆ ಕೂತು ಡಿಸ್ಕನ್ನೇ ನೋಡಿದಳು. “ಒಳಗ ಎಣ್ಣಿ ಬೇಕು, ಹೊರಗ ಬ್ಯಾಡ. ಇದೇನ್ ಸೋಗೋ ಇದರದು?”

“ಚೈನಿಗೆ ಬೇಕಬೇ. ಅದಕ್ಕ ಬ್ಯಾರೆ ಎಣ್ಣಿ ತಂದೇನಿ. ಇನ್ನ ಮ್ಯಾಲೆ ಅದು ನಿನ್ನ ಕೆಲಸ.”

ಆದರೆ ಅವಳ ಸಿಟ್ಟು ಎಣ್ಣೆಯ ಮಾತಿಗಲ್ಲ. “ಹಚ್ಚಬ್ಯಾಡ ಅಂತ ಹೇಳಿದ್ರ ನಾ ಹಚ್ಚತಿದ್ನೇನು? ಸುಳ್ಳ ಹೇಳಿ, ನನ್ನ ಕೈಲೆ ಅದನ್ನ ಉಪಾಸ ಕೆಡವಿಸಿದ್ಯಲ್ಲೋ!”

ನೋವಾಗದಿರಲಿ ಎಂದು ಹಿರಿಯರಿಗೆ ಎಷ್ಟೊಂದು ಸುಳ್ಳು ಹೇಳುತ್ತೇವೆ! ತಿಳಿಸಿ ಹೇಳಿದರೆ ತಿಳಿದುಕೊಳ್ಳುತ್ತಾರೆ ಎಂಬ ನಂಬಿಕೆ ಮಾತ್ರ ನಮಗಿಲ್ಲ.

ಈಗ ಚೈನಿಗೆ ಎಣ್ಣೆ ಬಿಡುವ ಮೊದಲು ಅವ್ವ ಹಿಂದಿನ ಡಿಸ್ಕಿಗೆ ಹಳೇ ಕುಪ್ಪಸದ ಖಣದ ತುಂಡಿನಿಂದ ಹೊಲಿದ ಕುಲಾಯಿ ಹಾಕುತ್ತಾಳೆ. (ಕೂಸಿಗೆ ಕಟ್ಟಿದ ಹಾಗೆ ಲಾಡಿ ಬೇರೆ ಬಿಗಿಯುತ್ತಾಳೆ.) ನೋಡಿದರೆ ಮುದ್ದು ಬರುತ್ತದೆ.

ಆದರೆ ನಿಜ ಹೇಳಿದ ಆ ಮುಂಜಾನೆಯದೇ ಬೇರೆ ಕಥೆ. ಹಂಚಿನಿಂದ ಇಳಿದ ಬಿಸಿ ರೊಟ್ಟಿಗೆ ತುಪ್ಪ ಸವರಿ, ಆರಿಸಿ, ಅವ್ವ ಮೊದಲು ನಾಯಿಗೆ ಹಾಕಿದಳು. ನನ್ನ ತಾಟಿನಲ್ಲಿ ನಿನ್ನೆಯ ತಂಗಳ ರೊಟ್ಟಿ.

ಯಾಕೆ ಎಂದು ಕೇಳುವ ಧೈರ್ಯ ನಿಮಗಾದರೂ ಇರುತ್ತಿತ್ತೇ?