ಥಾನಿನ ಮೇಲಿನ ಸರಸ್ವತಿ

ನಿಜಾಮರ ಕಾಲದ ತಾವರಗೇರಾದಲ್ಲಿ ನಮ್ಮ ಪಕ್ಕದ ಮನೆಯ ಕಾಕು ಬಟ್ಟೆ ಕೊಳ್ಳುತ್ತಿದ್ದುದು ಉಡುವುದಕ್ಕಲ್ಲ, ಥಾನಿಗೆ, ಅಂದರೆ ಬಟ್ಟೆಯ ಇಡೀ ಸುರುಳಿಗೆ, ಅಂಟಿಸಿ ಬರುವ ಗಿರಣಿಯ ಬಣ್ಣದ ಚಿತ್ರಕ್ಕಾಗಿ. “ಅರಿವಿ ಹರೀತೈತಿ, ಚಿತ್ರ ಉಳೀತೈತಿ” ಎನ್ನುತ್ತ, ನೀರು ತಾಗಿಸಿ ಬಿಡಿಸಿ, ಗೋಡೆ ತುಂಬ ಹಚ್ಚಿದ್ದಳು.

ಒಮ್ಮೆ ಅಂಗಡಿಯಲ್ಲಿ, ಯಾರೂ ಕೊಳ್ಳದ ಬದನೆಕಾಯಿ ಬಣ್ಣದ ಹಳೇ ಥಾನಿನ ಮೇಲೆ ಸರಸ್ವತಿ ಕಂಡಳು.

“ಥಾನು ತೀರೋತನಕ ಚಿತ್ರ ಕೊಡಂಗಿಲ್ಲ ನೋಡ್ರಿ, ಅಕ್ಕಾರ” ಎಂದು ಅಂಗಡಿಯವನು ನಕ್ಕ.

“ತೀರಿಸೇ ತೋರಸ್ತೀನಿ, ತಡೀರಿ” ಎಂದವಳೇ ಓಣಿಯ ಮನೆಮನೆಗೂ ಹೋದಳು. “ಪಂಚಮಿಗೆ ಇದ ಬಣ್ಣ ಛಂದ ಒಪ್ಪತೈತಿ, ಬರ್ರಿ” ಎಂದು ಹೆಂಗಸರನ್ನೆಲ್ಲ ಅಂಗಡಿಗೆ ಹೊರಡಿಸಿದಳು.

ಪಂಚಮಿಯ ದಿನ ಜೋಕಾಲಿ ಏರಿದವರೆಲ್ಲ ಬದನೆಕಾಯಿ ಬಣ್ಣದ ಕುಪ್ಪಸ ತೊಟ್ಟಿದ್ದರು. ಕಡೆಯ ತುಂಡನ್ನೂ ಬೇರೊಬ್ಬಳಿಗೆ ಬಿಟ್ಟುಕೊಟ್ಟು, ಸರಸ್ವತಿಯನ್ನು ಗೋಡೆಗೇರಿಸಿ ಬಂದ ಕಾಕು, ತೇಪೆಯ ಹಳೇ ಕುಪ್ಪಸದಲ್ಲೇ ಎಲ್ಲರಿಗಿಂತ ಎತ್ತರಕ್ಕೆ ಜೀಕಿದಳು.