ಮಂಜುಳಾ ತೋರಿಸಿದ ಮನೆಗಳು

ಕಿತ್ತೂರಿನ ಪೇಟೆಯಲ್ಲಿ ಯಾರ ಮನೆಯಲ್ಲಿ ಮದುವೆ ಎನ್ನುವುದು ಆಗ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದುದು ಜಂಪರ ಹೊಲಿಯುವ ಮಂಜುಳಾಗೆ. ಮುಹೂರ್ತ ತೆಗೆಯುವ ಅಯ್ಯನವರ ಸರದಿ ಆಮೇಲೆ. ಹುಡುಗಿಯನ್ನು ನೋಡಲು ಗಂಡಿನವರು ಬರುತ್ತಾರೆಂದರೆ ಮೈಗೆ ಸರಿಯಾಗಿ ಕೂಡುವ ಒಂದು ಜಂಪರವಾದರೂ ಬೇಕಲ್ಲ. ತಾಯಿ ಮಗಳನ್ನು ಕರೆತಂದು ಅಳತೆ ಕೊಡಿಸುತ್ತ, ‘ಇನ್ನೂ ಏನೂ ಗಟ್ಟಿ ಆಗಿಲ್ಲವಾ’ ಎಂದು ಶುರು ಮಾಡಿದಳೆಂದರೆ ವರನ ಊರು, ಅವನ ಹೊಲ, ಅವನ ಅಕ್ಕನ ಜೋರು ಬಾಯಿ, ಎಲ್ಲ ಹೇಳಿಯೇ ಎದ್ದು ಹೋಗುವುದು. ಕೊರಳಲ್ಲಿ ಟೇಪು ಹಾಕಿಕೊಂಡವಳ ಮುಂದೆ ಹೆಂಗಸರು ಏನನ್ನೂ ಮುಚ್ಚಿಡುವುದಿಲ್ಲ.

ದಾರಿಯ ಆಚೆ ಬಸಲಿಂಗಪ್ಪನವರ ಸೀರೆ ಅಂಗಡಿ. ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದವರು ಅವರು, ಅಂಗಡಿ ನಡೆಸುತ್ತಿದ್ದವಳು ಅವರ ಹೆಂಡತಿ ಶೈಲಜಾ. ಇದು ಇಡೀ ಪೇಟೆಗೆ ಗೊತ್ತು, ಬಸಲಿಂಗಪ್ಪನವರಿಗೂ ಗೊತ್ತು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಆಕೆ ಚಾ ತುಂಬಿದ ಥರ್ಮಾಸ್ ಹಿಡಿದು ದಾರಿ ದಾಟಿ ಬರುತ್ತಿದ್ದಳು. ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಕಪ್ಪು ಮಂಜುಳಾಗೆ ಕೊಟ್ಟು, ತಾನು ಬಶಿಗೆ ಸುರುವಿಕೊಂಡು ಒಂದು ಗುಟುಕು ಹೀರಿ ಕೇಳುತ್ತಿದ್ದಳು: “ಮತ್ತೇನವಾ ಮಂಜುಳಾ, ಯಾರ ಮನ್ಯಾಗ ಏನೈತಿ?”

ಮಂಜುಳಾ ಹೇಳುತ್ತಿದ್ದಳು. ಎರಡು ದಿನ ಬಿಟ್ಟು ಅಂಗಡಿಯ ಆಳು ಪರಸಪ್ಪ ಸೀರೆಯ ಗಂಟು ಹೆಗಲಿಗೇರಿಸಿ, ಏನೋ ನೆಪ ಮಾಡಿಕೊಂಡು ಆ ಮನೆಯ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದ. ಮದುವೆಯ ಜವಳಿಯೆಲ್ಲ ಬಸಲಿಂಗಪ್ಪನವರಲ್ಲೇ ಆಗುತ್ತಿತ್ತು. ಅಲ್ಲಿ ಸೀರೆ ಕೊಂಡವರಿಗೆ ಶೈಲಜಾ ಆಚೆ ಕೈ ತೋರಿಸುತ್ತಿದ್ದಳು. “ಜಂಪರ ಅಲ್ಲೇ ಕೊಡ್ರಿ. ನಮ್ಮ ಮನೀ ಹುಡುಗಿ ಇದ್ದಂಗ ಆಕಿ.” ಇಬ್ಬರ ನಡುವೆ ರೊಕ್ಕದ ಮಾತು ಒಂದು ದಿನವೂ ಬರಲಿಲ್ಲ. ಈಗಿನ ಕಾಲದವರು ಒಬ್ಬರಿಗೊಬ್ಬರು ಗಿರಾಕಿ ಕಳಿಸುವ ಈ ವಿದ್ಯೆಗೊಂದು ದೊಡ್ಡ ಹೆಸರಿಟ್ಟು, ಹೋಟೆಲಿನಲ್ಲಿ ಜನ ಕೂಡಿಸಿ ಕಲಿಸುತ್ತಾರಂತೆ. ಕಲಿಸಲಿ ಬಿಡಿ. ಕಿತ್ತೂರಿನಲ್ಲಿ ಅದು ಒಂದು ಬಶಿ ಚಾದಲ್ಲಿ ಮುಗಿದುಹೋಗುತ್ತಿತ್ತು.

ಮಂಜುಳಾಗೆ ಇದು ಬೇಕಿತ್ತು, ಸುಳ್ಳು ಯಾಕೆ ಹೇಳಬೇಕು. ಗಂಡ ಶಟ್ಟೆಪ್ಪ ಲಾರಿ ಡ್ರೈವರ್. ಮನೆಗಿಂತ ಹೆದ್ದಾರಿಯ ಮೇಲೆಯೇ ಅವನ ವಾಸ್ತವ್ಯ ಹೆಚ್ಚು. ಒಲೆ ಉರಿಯುತ್ತಿದ್ದುದು ಮಷೀನಿನಿಂದ. ಒಬ್ಬಳೇ ಮಗಳು ಕಸ್ತೂರಿ ಸಾಲಿಯಲ್ಲಿ ಚುರುಕು. ಟೀಚರ್ ಆಗುತ್ತೇನೆ ಎಂದು ಐದನೆಯ ಇಯತ್ತೆಯಿಂದಲೇ ಹಟ ಹಿಡಿದವಳು. ಅವಳನ್ನು ಧಾರವಾಡದಲ್ಲಿಟ್ಟು ಓದಿಸುವುದೊಂದೇ ಮಂಜುಳಾಳ ಆಸೆ.

ಆದರೂ ಒಂದು ಸಲ ಅವಳಿಗೆ ಹೇಸಿಗೆ ಬಂತು. ಜನ ನಂಬಿ ಹೇಳಿದ್ದನ್ನು ಇವರಿಗೆ ಬಡಿಸುವ ಕೆಲಸ ಸಾಕು ಅನಿಸಿ, ಲಗ್ನದ ಸೀಜನ್ನಿನಲ್ಲೇ ‘ಏನೂ ಸುದ್ದಿ ಇಲ್ರೀ ಅಕ್ಕಾರ’ ಎನ್ನತೊಡಗಿದಳು. ಶೈಲಜಾ ಸಿಟ್ಟಾಗಲಿಲ್ಲ. ಥರ್ಮಾಸ್ ಬರುವುದು ನಿಂತಿತು, ಅಷ್ಟೇ. ಎದುರಿನ ಅಂಗಡಿಯಿಂದ ಹೊಸ ಸೀರೆ ಹಿಡಿದು ಇಳಿದವರು ಇವಳ ಬಾಗಿಲ ಮುಂದೆಯೇ ಹಾದು, ಬಸ್ ಸ್ಟ್ಯಾಂಡಿನ ಹತ್ತಿರದ ಬೇರೆ ಟೇಲರನ ಕಡೆ ನಡೆದರು. ಮಷೀನಿನ ಮೇಲೆ ಧೂಳು ಕೂತಿತು. ಕೊನೆಗೆ ಮಂಜುಳಾ ತಾನೇ ಚಾ ಮಾಡಿಕೊಂಡು, ತಾನೇ ದಾರಿ ದಾಟಿ ಹೋದಳು. ಅಂದು ಒಯ್ದ ಸುದ್ದಿ ತನ್ನ ಗೆಳತಿಯ ಮನೆಯದೇ ಆಗಿತ್ತು.

ಆಮೇಲೆ ಬಂದದ್ದು ಬೀರವ್ವನ ಸಂಗತಿ.

ಬೀರವ್ವ ಹತ್ತಿರದ ಹಳ್ಳಿಯ ವಿಧವೆ. ಅವಳ ಅಣ್ಣ ಮಾಳಪ್ಪ ಬೀರವ್ವನ ಮಗಳನ್ನು ತನ್ನ ಮಗನಿಗೇ ತಂದುಕೊಳ್ಳಬೇಕೆಂದು ಪಟ್ಟು ಹಿಡಿದಿದ್ದ. ಸೋದರಮಾವನ ಹಕ್ಕು ಅದು ಎನ್ನುತ್ತಿದ್ದ. ಮಗನೋ, ಹಗಲಿನಲ್ಲೇ ಕುಡಿದು ಹಾದಿಯಲ್ಲಿ ಬೀಳುವವನು. ಬೀರವ್ವ ಅಣ್ಣನಿಗೆ ತಿಳಿಯದಂತೆ ಹೂಲಿಯ ಕಡೆ ಒಂದು ಒಳ್ಳೆಯ ವರ ಗೊತ್ತು ಮಾಡಿ, ಜಂಪರ ಹೊಲಿಸಲು ಬಂದು, ಎಲ್ಲವನ್ನೂ ಮಂಜುಳಾಗೆ ಹೇಳಿದಳು. ಮಂಜುಳಾ ಶೈಲಜಾಗೆ ಹೇಳಿದಳು. ಅಣ್ಣನ ವಿಷಯ ಹೇಳಲಿಲ್ಲ, ಅದನ್ನಾದರೂ ಮುಚ್ಚಿಟ್ಟೆ ಎಂದುಕೊಂಡಳು. ತಪ್ಪಾದದ್ದು ಅಲ್ಲೇ. ಮದುವಣಗಿತ್ತಿಗೆ ಸೋದರಮಾವ ಸೀರೆ ಕೊಡುತ್ತಾನಲ್ಲ, ಪರಸಪ್ಪ ಗಂಟು ಹೊತ್ತು ನೆಟ್ಟಗೆ ಮಾಳಪ್ಪನ ಮನೆಗೇ ಹೋದ. ಮಾಳಪ್ಪ ಹೂಲಿಗೆ ಹೋಗಿ ಗಂಡಿನವರ ಅಂಗಳದಲ್ಲಿ ನಿಂತು ಬಾಯಿಗೆ ಬಂದದ್ದು ಬೈದ. ಸಂಬಂಧ ಮುರಿಯಿತು.

ಬೀರವ್ವ ಬಂದು ಜಗಳ ಮಾಡಿದ್ದರೆ ಎಷ್ಟೋ ಚೊಲೋ ಇತ್ತು. ಅವಳು ಬಂದು ಅದೇ ಸ್ಟೂಲಿನ ಮೇಲೆ ಕೂತು, ಮಂಜುಳಾಳ ಕೈ ಹಿಡಿದು ಅತ್ತಳು. “ಯಾರು ಹೇಳಿದ್ರೋ ಏನೋ, ನನ್ನ ಕೂಸಿನ ಬಾಳೇ ಹಾಳಾತು.” ಮಂಜುಳಾ ನೀರು ತಂದುಕೊಟ್ಟಳು. ಬೇರೇನು ಕೊಟ್ಟಾಳು.

ಮರುವರ್ಷ, ಎರಡು ಸಾವಿರದ ಎರಡರ ಬೇಸಿಗೆಯಲ್ಲಿ, ಬೀರವ್ವ ಮತ್ತೆ ಬಂದಳು. ಜಂಪರಕ್ಕೆಂದು ಬೈಲಹೊಂಗಲದಲ್ಲಿ ಕೊಂಡ ಹಸಿರು ಖಣ ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದಳು. ಈ ಸಲ ವರ ರಾಮದುರ್ಗದವನು. “ನಿನಗ ಒಬ್ಬಾಕಿಗೆ ಹೇಳೀನಿ, ಯವ್ವಾ. ತಲೀ ಮ್ಯಾಲ ಅಕ್ಕಿಕಾಳು ಬೀಳೂತನಾ ಮಾಳಪ್ಪನ ಕಿವಿಗೆ ಹೋಗಬಾರ್ದು. ಈ ಸಲ ಮುರೀತಂದ್ರ ಆ ಕುಡುಕಗ ಕೊಡೂದ ಗತಿ.” ಮಂಜುಳಾ ದೇವರ ಫೋಟೋದ ಕಡೆ ನೋಡಿ ಮನಸ್ಸಿನಲ್ಲೇ ಆಣೆ ಮಾಡಿದಳು. ಈ ಸಲ ನಾಲಿಗೆ ಕತ್ತರಿಸಿದರೂ ಹೇಳುವುದಿಲ್ಲ.

ಮಧ್ಯಾಹ್ನ ಥರ್ಮಾಸ್ ಬಂತು. ಶೈಲಜಾ ಕೂರುವ ಮೊದಲೇ ಮಷೀನಿನ ಮೇಲಿದ್ದ ಖಣವನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

“ಇದು ನಮ್ಮ ಅಂಗಡೀದಲ್ಲ.”

“ಬೈಲಹೊಂಗಲದ್ದು ರೀ, ಅಕ್ಕಾರ.”

“ಹಸರು ಖಣ, ತೋಳಿಗೆ ಜರದ ಅಂಚು. ಸುಮ್ಮಸುಮ್ಮನ ಹೊಲಿಸೂ ಜಂಪರಲ್ಲ ಇದು. ಯಾರದು?”

ಬಾಗಿಲ ಒಳಗೆ ಕಸ್ತೂರಿ ಪುಸ್ತಕ ಹಿಡಿದು ಕೂತಿದ್ದಳು. ಪಿಯುಸಿ ಮುಗಿದಿತ್ತು, ಧಾರವಾಡದಲ್ಲಿ ಟೀಚರ್ ತರಬೇತಿಯ ಟಿಸಿಎಚ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದಳು. ಮಂಜುಳಾಳ ಬಾಯಿಗೆ ಬೇರೆ ಯಾವ ಹೆಸರೂ ಬರಲಿಲ್ಲ. ಊರಿನ ಯಾವ ಹೆಸರು ಹೇಳಿದರೂ ನಾಳೆ ಪರಸಪ್ಪ ಆ ಕಟ್ಟೆಯ ಮೇಲೆ ಇರುತ್ತಾನೆ.

“ನಮ್ಮ ಕಸ್ತೂರಿದ್ರೀ. ಅವರಪ್ಪ ಹಾದ್ಯಾಗ ಬರಬೇಕಾದ್ರ ತಂದಾರ. ನೋಡಾಕ ಬರ್ತಾರಂತ... ಸಾಲಹಳ್ಳಿಯವ್ರು.”

ಒಳಗೆ ಪುಸ್ತಕದ ಹಾಳೆ ಮಗುಚುವ ಸದ್ದು ನಿಂತಿತು. ಶೈಲಜಾ ಬಶಿ ಕೆಳಗಿಟ್ಟು ಮಂಜುಳಾಳ ಗಲ್ಲ ಹಿಡಿದಳು. ಕಣ್ಣಲ್ಲಿ ನೀರೇ ಬಂದಿತ್ತು ಆಕೆಗೆ. “ನನ್ನ ಮುಂದೂ ಮುಚ್ಚಿಟ್ಟೀಯಲ್ಲ, ಹುಚ್ಚಿ.” ಬೀರವ್ವನ ಸುದ್ದಿಯೇ ಬರಲಿಲ್ಲ. ಹತ್ತು ದಿನ ಬಿಟ್ಟು ಸಾಲಹಳ್ಳಿಯವರು ಒಲ್ಲೆ ಅಂದರೆಂದು ಹೇಳಿದರಾಯಿತು, ಮುಗಿಯಿತು ಎಂದು ಮಂಜುಳಾ ಲೆಕ್ಕ ಹಾಕಿದಳು. ಬಹಳ ದಿನಗಳ ಮೇಲೆ ಆ ರಾತ್ರಿ ಹೊಟ್ಟೆ ತುಂಬ ಉಂಡಳು. ಒಂದು ಸಲವಾದರೂ ಗೆದ್ದೆ ಅನ್ನಿಸಿತ್ತು, ಪಾಪ.

ಶೈಲಜಾ ಆ ವಾರದಲ್ಲೇ ಥರ್ಮಾಸ್ ಇಲ್ಲದೆ ಬಂದಳು. ಕೈಯಲ್ಲಿ ತಮ್ಮ ಅಂಗಡಿಯದೇ ಹಸಿರು ಸೀರೆ, ಅದರ ಮೇಲೆ ಮಡಚಿಟ್ಟ ಖಣ.

“ಸಾಲಹಳ್ಳಿ ಯಾಕವಾ, ಅಷ್ಟು ದೂರ? ನಮ್ಮ ಪರಸಪ್ಪನ ಅಕ್ಕನ ಮಗ ಶಿವಲಿಂಗ ಅದಾನಲ್ಲ, ಸವದತ್ತ್ಯಾಗ ಕಿರಾಣಿ ಅಂಗಡಿ ಇಟ್ಟಾನ. ನಿಮ್ಮ ಪೈಕಿಯವನ. ಚಟ ಇಲ್ಲ, ಏನಿಲ್ಲ. ಅವರಿಗೆ ಹೇಳಿ ಕಳಿಸೀನಿ, ಸೋಮವಾರ ಬರ್ತಾರ.”

ಮಂಜುಳಾ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. “ಅಕ್ಕಾರ, ಹುಡುಗಿ ಇನ್ನೂ ಕಲೀಬೇಕಂತಾಳ್ರೀ.”

“ಸಾಲಹಳ್ಳಿಯವ್ರಿಗೆ ತೋರಸಾಕ ಜಂಪರ ಹೊಲದಿ. ಆಗ ಕಲಿಯೂದು ನೆನಪಾಗಲಿಲ್ಲೇನು?” ಶೈಲಜಾ ನಕ್ಕಳು. ಖಣವನ್ನು ಮಷೀನಿನ ಮೇಲಿಟ್ಟು, ಮಂಜುಳಾಳ ಬೆನ್ನ ಮೇಲೆ ಕೈ ಆಡಿಸಿದಳು. “ಸಂಕೋಚ ಮಾಡಬ್ಯಾಡ. ಇಷ್ಟು ವರ್ಷ ನೀ ನಮಗ ಎಷ್ಟು ಮನಿ ತೋರಸೀದಿ. ನಾ ನಿನಗ ಒಂದ ಮನಿ ತೋರಸಬಾರ್ದೇನು?”

ಆ ಮುಖದಲ್ಲಿ ಕಪಟ ಇರಲಿಲ್ಲ. ಹುಡುಕಿದರೂ ಸಿಗಲಿಲ್ಲ. ಕಪಟ ಇದ್ದಿದ್ದರೆ ಒಂದು ಮಾತು ಜೋರಾಗಿ ಆಡಿ ಕೈ ಕೊಡವಿಕೊಳ್ಳಬಹುದಿತ್ತು. ಇದು ಪ್ರೀತಿ. ಪ್ರೀತಿಗೆ ಒಲ್ಲೆ ಅನ್ನಬೇಕಾದರೆ ಆಡಿದ್ದು ಸುಳ್ಳೆಂದು ಹೇಳಬೇಕು. ಸುಳ್ಳೆಂದರೆ ಆ ಜಂಪರ ಯಾರದೆಂದು ಹೇಳಬೇಕು.

“ಆತ್ರೀ ಅಕ್ಕಾರ,” ಎಂದಳು ಮಂಜುಳಾ.

ಶೈಲಜಾ ದಾರಿ ದಾಟಿ ಹೋದ ಮೇಲೆ ಕಸ್ತೂರಿ ಹೊರಗೆ ಬಂದಳು. ಅತ್ತಿರಲಿಲ್ಲ. “ಅವ್ವಾ, ನಾ ಹೋಗಿ ಹೇಳಿ ಬರ್ಲೇನು? ಆ ಜಂಪರ ಬೀರವ್ವಾರ ಮಗಳದು ಅಂತ.”

ಮಂಜುಳಾ ಎದುರಿನ ಅಂಗಡಿಯತ್ತ ನೋಡಿದಳು. ಪರಸಪ್ಪ ಕಟ್ಟೆಯ ಮೇಲೆ ಕೂತು ಗಂಟು ಕಟ್ಟುತ್ತಿದ್ದ. ಕಸ್ತೂರಿ ಈ ದಾರಿ ದಾಟಿದರೆ ಅವನು ನಾಳೆಯೇ ಮಾಳಪ್ಪನ ಮನೆಯಲ್ಲಿ. ದಾಟದಿದ್ದರೆ ಸೋಮವಾರ ಸವದತ್ತಿಯವರು ಇಲ್ಲಿ. ಬೀರವ್ವನ ಹುಡುಗಿಯ ಜಂಪರ ಗೂಟಕ್ಕೆ ತೂಗುತ್ತಿತ್ತು, ಇನ್ನು ಗುಂಡಿ ಹಚ್ಚುವುದೊಂದೇ ಬಾಕಿ. ಮಂಜುಳಾಗೆ ಗಟ್ಟಿಯಾಗಿ ಅಳಬೇಕೆನ್ನಿಸಿತು. ಪೇಟೆ ನೋಡುತ್ತದೆಂದು ಅಳಲಿಲ್ಲ. ಕೊರಳಲ್ಲಿದ್ದ ಟೇಪು ತೆಗೆದಳು.

“ಎಲ್ಲಾರ ಮದುವಿ ನಿನಗ ಮೊದಲ ಗೊತ್ತಾಕ್ಕಿತ್ತಲ್ಲವ್ವಾ,” ಎಂದಳು ಕಸ್ತೂರಿ. “ನಂದೂ ಗೊತ್ತಾತು ನೋಡು.”

“ಕೈ ಎತ್ತು,” ಎಂದಳು ಮಂಜುಳಾ.

ಕಸ್ತೂರಿ ಕೈಯಲ್ಲಿದ್ದ ಪುಸ್ತಕವನ್ನು ಮಷೀನಿನ ಮೇಲೆ, ಖಣದ ಪಕ್ಕಕ್ಕೆ ಇಟ್ಟಳು. ಆಮೇಲೆ ಕೈ ಎತ್ತಿದಳು.