ಹೊಳೆಯ ದಂಡೆಗೆ ನಿಂತಾಕಿ

ಮೂಡಲಗಿ ಪೇಟೆಯಲ್ಲಿ ಬೆಲ್ಲ ತೂಗುತ್ತಿದ್ದ ಪಾಯಪ್ಪ ತನ್ನ ತಕ್ಕಡಿಯ ಮೇಲೆ ನೊಣ ಕೂತರೆ ನೊಣದ ತೂಕ ಕಳೆದು ಹೇಳುತ್ತಿದ್ದ ಅಂತ ಜನ ಆಡಿಕೊಳ್ಳುತ್ತಿದ್ದರು. ಇದು ಶುದ್ಧ ಸುಳ್ಳು. ಅವನು ನೊಣ ತಾನಾಗಿ ಎದ್ದು ಹೋಗುವ ತನಕ ಕಾಯುತ್ತಿದ್ದ. ಜೈನರವನು, ಹೊಡೆಯುವ ಹಾಗಿರಲಿಲ್ಲ. ಒಂದು ಬ್ಯಾಸಗಿಯಲ್ಲಿ ಹೀಗೆ ಕಾಯುತ್ತ ನಿಂತಾಗ ಮಸಗುಪ್ಪಿಯಿಂದ ಬಂದ ಮೂರು ಗಾಡಿ ಬೆಲ್ಲ ಕರಗಿ ಗಟಾರ ಹಿಡಿಯಿತು, ಪೇಟೆಯ ಇರುವೆಗಳು ಮುಂದಿನ ದೀಪಾವಳಿಯ ತನಕ ದುಡಿಯಲಿಲ್ಲ. ಇದು ಮಾತ್ರ ಖರೆ. ನೋಡಿದವರು ಯಾರೂ ಈಗಿಲ್ಲ, ಅದಕ್ಕೇ ಇಷ್ಟು ಧೈರ್ಯದಿಂದ ಹೇಳುತ್ತಿದ್ದೇನೆ.

ಇಂಥ ಮನುಷ್ಯನಿಗೆ ಒಂದೇ ಚಟ, ಕಾದಂಬರಿ. ಎಲೆ ಅಡಿಕೆ ಇಲ್ಲ, ತಂಬಾಕು ಇಲ್ಲ, ಹೊತ್ತು ಮುಳುಗಿದ ಮೇಲೆ ಒಂದು ಹನಿ ನೀರು ಸಹ ಇಲ್ಲ. ಆದರೆ ಕೊಲ್ಲಾಪುರದ ಕಡೆಯಿಂದ ಯಾರಾದರೂ ಬಂದರೆಂದರೆ, "ಏನ್ರಿ, ಪುಸ್ತಕ ಏನಾರ ತಂದೀರೇನ?" ಅಂತ ಗಾಡಿಯ ಹುಲ್ಲಿನೊಳಗೆ ಕೈ ಹಾಕಿಯೇ ಬಿಡುವನು. ಓದುತ್ತಿದ್ದದ್ದು ಬರೀ ಮರಾಠಿ. ಸಣ್ಣವನಿದ್ದಾಗ ಹುಕ್ಕೇರಿಯ ಸೋದರಮಾವನ ಮನೆಯಲ್ಲಿ ಬೆಳೆದ, ಅವನು ಹೋದ ಸಾಲಿ ಮರಾಠಿಯದು. ಹೀಗಾಗಿ ಕನ್ನಡದಲ್ಲಿ ಮಾತಾಡುತ್ತಿದ್ದ, ಕನ್ನಡದಲ್ಲಿ ಬೈಯುತ್ತಿದ್ದ, ಕನ್ನಡದಲ್ಲಿ ಕನಸು ಕಾಣುತ್ತಿದ್ದ, ಕನ್ನಡ ಅಕ್ಷರ ಕಂಡರೆ ಮಾತ್ರ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ಅವನ ಜೀವದ ಗೆಳೆಯ ನಾಗನೂರಿನ ಗುರುಲಿಂಗಪ್ಪ, ಕಬ್ಬು ಬೆಳೆಯುವ ಲಿಂಗವಂತ ಒಕ್ಕಲಿಗ. ಇವನು ಮಠದಲ್ಲಿ ಅಯ್ಯನವರ ಕೈಯಲ್ಲಿ ಕನ್ನಡ ಕಲಿತವನು, ಮರಾಠಿ ಅಕ್ಷರ ಬಾರದವನು. ಇವನಿಗೂ ಅದೇ ಚಟ. ಗೋಕಾಕದಲ್ಲಿದ್ದ ಅಳಿಯನ ಕಡೆಯಿಂದ ಕನ್ನಡ ಕಾದಂಬರಿ ತರಿಸುತ್ತಿದ್ದ. ಇಬ್ಬರೂ ಎಂದೋ ಒಂದು ಕರಾರು ಮಾಡಿಕೊಂಡಿದ್ದರು: ಒಂದು ಸಂತೆಗೆ ಪಾಯಪ್ಪ ತಾನು ಓದಿದ್ದನ್ನು ಹೇಳಬೇಕು, ಮುಂದಿನ ಸಂತೆಗೆ ಗುರುಲಿಂಗಪ್ಪ ತಾನು ಓದಿದ್ದನ್ನು ಹೇಳಬೇಕು. ತೂಕ ಮುಗಿದ ಮೇಲೆ ಬೆಲ್ಲದ ಪೆಂಟಿಗಳ ನಡುವೆ ಗೋಣಿತಟ್ಟು ಹಾಸಿಕೊಂಡು ಕೂಡುತ್ತಿದ್ದರು. ಇಪ್ಪತ್ತೆರಡು ವರ್ಷ ಕೂತರು. ಆ ಜಾಗದ ನೆಲ ಇಬ್ಬರ ಕುಂಡಿಯ ಅಳತೆಗೆ ತಗ್ಗು ಬಿದ್ದು, ಮಳೆಗಾಲದಲ್ಲಿ ಎರಡು ಸಣ್ಣ ಕೆರೆ ಆಗುತ್ತಿದ್ದವು.

ಪಾಯಪ್ಪ ಕಥೆ ಹೇಳಿದರೆ ತೂಗಿ ಹೇಳಿದ ಹಾಗೆ. ಪುಸ್ತಕದಲ್ಲಿ ಮಾವಿನಗಿಡ ಇದ್ದರೆ ಮಾವಿನಗಿಡ, ಅದರ ಮೇಲೆ ಗಿಳಿ ಇಲ್ಲದಿದ್ದರೆ ಗಿಳಿ ಇಲ್ಲ. ಮುಗಿದ ಮೇಲೆ ತನ್ನ ಅಭಿಪ್ರಾಯ ಬೇರೆ ಹೇಳುವನು.

"ಈ ಮರಾಠಿ ಮಂದಿ ಹೆಣ್ಣಮಗಳನ್ನ ಬದಕಾಕ ಕೊಡೂದಿಲ್ಲೋ ಗುರ್ಲಿಂಗಾ. ಮೊದಲನೇ ಪ್ರಕರಣದಾಗ ಆಕಿ ನಕ್ಕಳಂದ್ರ ಬರದಾಂವ ಆಗಲೇ ಕಡೀ ಪ್ರಕರಣದಾಗ ಬಾವಿ ತೋಡಾಕ ಹಚ್ಚಿರ್ತಾನ. ಈ ವರ್ಷ ಓದಿದ್ದು ಒಂಬತ್ತು ಪುಸ್ತಕ. ಬಾವಿ ಪಾಲಾದಾರು ಏಳು ಮಂದಿ. ಇನ್ನಿಬ್ಬರಿಗೆ ಕ್ಷಯ."

"ಆ ಬಾವಿ ನೀರಾರ ಕಬ್ಬಿಗೆ ಬಿಡಬೇಕಿತ್ತು," ಅಂದ ಗುರುಲಿಂಗಪ್ಪ.

"ನಗಬ್ಯಾಡ. ನನಗ ಸಾಕಾಗೈತಿ. ನೀ ಈಗ ಹೊಸಾದು ಸುರು ಮಾಡಾಂವ ಅದಿಯಲ್ಲ, ಅದರಾಗ ಹೆಣ್ಣಮಗಳು ಅದಾಳೇನು?"

"ಅದಾಳ. ಕಸ್ತೂರಿ ಅಂತ. ಮದಿವ್ಯಾಗಿ ಆರು ತಿಂಗಳಿಗೆ ಗಂಡ ದೇಸಾಯರ ದಂಡಿನಾಗ ಹೋದಾಂವ ತಿರಗಿ ಬಂದಿಲ್ಲ."

"ಈಕಿನ್ನೂ ಕೊಂದಿ ಅಂದ್ರ ನಾ ಸಂತಿಗೆ ಬರೂದ ಬಿಡ್ತೀನಿ. ತಕ್ಕಡಿ ಧರಣೇಂದ್ರನ ಕೈಯಾಗ ಕೊಟ್ಟು ಮನ್ಯಾಗ ಕುಂದರ್ತೀನಿ."

ಧರಣೇಂದ್ರ ಅಂದರೆ ಪಾಯಪ್ಪನ ಮಗ.

"ಕೊಲ್ಲಾಂವ ನಾ ಅಲ್ಲೋ ಮಾರಾಯಾ. ಬರದಾಂವ."

"ಬರದಾಂವ ಯಾರೋ ಏನೋ. ನನ್ನ ಮುಂದ ಕುಂತಾಂವ ನೀನು."

ಅಂದಿನಿಂದ ಸರದಿಯ ಕರಾರು ಮುರಿದುಬಿತ್ತು. ಹದಿಮೂರು ಸಂತೆ ಗುರುಲಿಂಗಪ್ಪನೇ ಹೇಳಿದ. ಕಸ್ತೂರಿ ಗಂಡನನ್ನು ಹುಡುಕುತ್ತ ಮನೆ ಬಿಟ್ಟಳು. ಕಳ್ಳರ ಕೈಗೆ ಸಿಕ್ಕು, ಅವರಿಗೆ ರೊಟ್ಟಿ ಬಡಿದು ಹಾಕಿ, ಅವರ ಕುದುರೆ ಹತ್ತಿಯೇ ಪಾರಾದಳು. ಗಂಡಸಿನ ವೇಷ ಹಾಕಿ ಒಂದು ಊರಿನ ಪಂಚಾಯಿತಿಯಲ್ಲಿ ನ್ಯಾಯ ಹೇಳಿದಳು. ಅಲ್ಲವ್ವ ಅನ್ನುವ ಮುದುಕಿಯ ಮನೆಯಲ್ಲಿ ಒಂದು ಮಳೆಗಾಲ ಕಳೆದಳು. ಕೇಳುತ್ತ ಕೇಳುತ್ತ ಪಾಯಪ್ಪನಿಗೆ ವಾರದ ಉಳಿದ ಆರು ದಿನ ಸಪ್ಪೆಯಾದವು. ತೂಗುವಾಗ ಅವಳ ನೆನಪಾಗಿ ಒಮ್ಮೆ ಒಂದು ಮಣಕ್ಕೆ ಎರಡು ಗುಂಜಿ ಹೆಚ್ಚು ತೂಗಿದ ಅಂತಾರೆ. ಮೂಡಲಗಿಯಲ್ಲಿ ಸೂರ್ಯ ಪಡುವಣಕ್ಕೆ ಹುಟ್ಟಿದ್ದರೂ ಅಷ್ಟು ಸುದ್ದಿ ಆಗುತ್ತಿರಲಿಲ್ಲ.

ಹದಿಮೂರನೆಯ ಸಂತೆಗೆ ಕಸ್ತೂರಿ ತುಂಬಿ ಹರಿಯುವ ಹೊಳೆಯ ದಂಡೆಗೆ ಬಂದು ನಿಂತಳು. ಆಚೆ ದಂಡೆಯಲ್ಲಿ ಒಬ್ಬ ಬೆನ್ನು ತಿರುಗಿಸಿ ರುಮಾಲು ಸುತ್ತುತ್ತಿದ್ದಾನೆ. ಸುತ್ತುವ ರೀತಿ ಗಂಡನದೇ. ಕೂಗಿದರೆ ಹೊಳೆಯ ಸಪ್ಪಳದಲ್ಲಿ ಕೇಳಿಸದು. ಅಂಬಿಗ ಉಣ್ಣಲು ಹೋಗಿದ್ದಾನೆ.

"ಮುಂದ?" ಅಂದ ಪಾಯಪ್ಪ.

"ಅಂಬಿಗ ಉಂಡು ಬರ್ಲಿ. ಮುಂದಿನ ಸಂತಿಗೆ," ಅಂತ ಗುರುಲಿಂಗಪ್ಪ ಎದ್ದು ಗಾಡಿ ಹೂಡಿದ.

ಎರಡು ದಿನಕ್ಕೆ ಜ್ವರ ಬಂತು. ಐದನೆಯ ದಿನ ಹೋಗಿಬಿಟ್ಟ.

ಪಾಯಪ್ಪ ಗೆಳೆಯನ ಮಣ್ಣಿಗೆ ಹೋದ. ಲಿಂಗವಂತರ ಪದ್ಧತಿಯಂತೆ ಗುರುಲಿಂಗಪ್ಪನನ್ನು ಕೂಡಿಸಿದ್ದರು, ಹಣೆಗೆ ವಿಭೂತಿ, ಕೈಯಲ್ಲಿ ಲಿಂಗ. ಗೋಣಿತಟ್ಟಿನ ಮೇಲೆ ಕಥೆ ಹೇಳಲು ಕೂತಾಗಿನ ಹಾಗೇ ಇದ್ದ. ಎಲ್ಲರೂ ಅಳುತ್ತಿದ್ದರು. ಪಾಯಪ್ಪನೂ ಅಳುತ್ತಿದ್ದ. ಆದರೆ ಅವನ ಬಾಯಿಯ ತುದಿಗೆ ಬಂದ ಮಾತು, "ಅಂಬಿಗ ಬಂದನೇನೋ?" ಅದನ್ನು ನುಂಗಿಕೊಳ್ಳಲು ಧೋತರದ ಚುಂಗು ಬಾಯಿಗೆ ತುರುಕಿಕೊಳ್ಳಬೇಕಾಯಿತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ನಾಚಿಕೆ ಬಿಟ್ಟು ನಾಗನೂರಿಗೆ ಹೋದ. ಗುರುಲಿಂಗಪ್ಪನ ಹೆಂಡತಿ ಶಂಕ್ರವ್ವ ಕೇಳುವುದಕ್ಕೆ ಮೊದಲೇ ಗೂಟಕ್ಕಿದ್ದ ಕಂಬಳಿಯಿಂದ ಪುಸ್ತಕ ಬಿಚ್ಚಿ ಕೊಟ್ಟಳು.

"ಒಯ್ಯಿರಿ ಅಣ್ಣಾರ. ನನಗೇನ ಓದಾಕ ಬರತೈತಿ? ಅವರಂತೂ ಇದನ್ನ ತೊಡಿ ಮ್ಯಾಲ ಇಟ್ಕೊಂಡು ಜಂತಿ ನೋಡ್ಕೋತ ಕುಂತಿರತಿದ್ರು."

ಪಾಯಪ್ಪ ಪುಸ್ತಕ ಎದೆಗೆ ಅವಚಿಕೊಂಡು ಮನೆಗೆ ಬಂದ. ಬಂದ ಮೇಲೆ ನೆನಪಾಯಿತು, ತನಗೆ ಓದಲು ಬಾರದು.

ಮಗ ಧರಣೇಂದ್ರನೂ ಮರಾಠಿ ಸಾಲಿಯವನೇ. ಮನೆಯಲ್ಲಿ ಕನ್ನಡ ಓದಬಲ್ಲವರು ಒಬ್ಬರೇ: ಹೆಂಡತಿ ಕಮಲವ್ವ. ಬಸದಿಯಲ್ಲಿ ಹೆಂಗಸರಿಗೆ ನೋಂಪಿಯ ವ್ರತಕಥೆ ಓದಿ ಹೇಳುವವಳು ಅವಳೇ. ನಲವತ್ತೆರಡು ವರ್ಷ ಒಂದೇ ಸೂರಿನಡಿ ಅವಳು ಕನ್ನಡ ಓದಿದಳು, ಇವನು ಮರಾಠಿ ಓದಿದ, ಒಬ್ಬರ ಪುಸ್ತಕ ಒಬ್ಬರು ಮುಟ್ಟಲಿಲ್ಲ.

"ಇಷ್ಟು ಓದಿ ಹೇಳು," ಅಂದ ಪಾಯಪ್ಪ.

"ನಾ ಓದೂದಿಲ್ರಿ. ಚಾತುರ್ಮಾಸಕ್ಕ ಬಂದ ಮುನಿಗಳ ಮುಂದ ನೇಮ ತಗೊಂಡೇನಿ. ವಿಕಥಿ ಓದೂದಿಲ್ಲ, ಕೇಳೂದಿಲ್ಲ." ಧರ್ಮಕ್ಕೆ ಸಂಬಂಧವಿಲ್ಲದ, ಮನಸ್ಸು ಕೆಡಿಸುವ ಕಥೆಗಳಿಗೆ ಜೈನರು ವಿಕಥೆ ಅನ್ನುತ್ತಾರೆ. ಕಮಲವ್ವನ ಲೆಕ್ಕದಲ್ಲಿ ಗಂಡ ಓದಿದ್ದೆಲ್ಲ ಅದೇ.

"ಕಡೀ ಎರಡು ಹಾಳಿ ಅಷ್ಟ."

"ವಿಷ ಎರಡ ಹನಿ ಕುಡದ್ರ ಸಾಯೂದಿಲ್ಲೇನು?" ಅಂದಳು. ಗಂಡನ ಮುಖ ನೋಡಿದಳು. ಅವನು ಗೆಳೆಯ ಸತ್ತಾಗಿನಿಂದ ಅರ್ಧ ರೊಟ್ಟಿಗೆ ಏಳುತ್ತಿದ್ದ. "ಗಂಡಗ ಅಕ್ಷರ ಕಲಸಬಾರದಂತ ಏನೂ ನೇಮ ಇಲ್ಲ. ಹೋಗಿ ಪಾಟಿ ತರ್ರಿ."

ಅರವತ್ನಾಲ್ಕನೆಯ ವರ್ಷಕ್ಕೆ ಪಾಯಪ್ಪ ಪಾಟಿ ಹಿಡಿದ. ಮಳೆಗಾಲದ ನಾಲ್ಕು ತಿಂಗಳು ಹುಳ ಹುಪ್ಪಡಿ ಸಾಯುತ್ತವೆ ಅಂತ ಆ ಮನೆಯಲ್ಲಿ ಸಂಜೆ ದೀಪ ಹಚ್ಚುತ್ತಿರಲಿಲ್ಲ. ಆದ್ದರಿಂದ ಮುಂಜಾನೆಯೇ ಪಾಠ. ಕಮಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೇಳುವಳು, ಅವನು ಕಂಬಕ್ಕೊರಗಿ ಒಪ್ಪಿಸುವನು.

"ಈ ಅಕ್ಷರದ ಕೆಳಗ ಜೋತಾಡೂದು ಏನು? ಎಮ್ಮಿಗೆ ಕರ ಬಿಟ್ಟಂಗ ಐತಿ."

"ಒತ್ತು ಅದು. ಮ್ಯಾಲಿಂದಕ್ಕೂ ಕೆಳಗಿಂದಕ್ಕೂ ಕೂಡೇ ಉಸರ ಹಾಕ್ರಿ."

"ಹಂಗಾರ ಮ್ಯಾಲಿಂದು ಎಷ್ಟು ಭಾರ, ಕೆಳಗಿಂದು ಎಷ್ಟು?"

"ಈ ಮುದುಕಗ ಕಲಸೂದಕ್ಕಿಂತ ಎಮ್ಮಿಗೆ ಕಲಸೂದು ಸಸಾರ," ಅಂತ ಕಮಲವ್ವ ಬಾಗಿಲಿಗೆ ಕೇಳಿಸುವ ಹಾಗೆ ಹೇಳುವಳು.

ಕೊನೆಯ ಪುಟವನ್ನೇ ಮೊದಲು ನೋಡಬಹುದಿತ್ತು. ಪಾಯಪ್ಪ ಅಂಥ ವ್ಯವಹಾರದವನಲ್ಲ. ಮೊದಲ ಪುಟಕ್ಕೆ ಒಂಬತ್ತು ದಿನ ಹಿಡಿಯಿತು. ಎರಡನೆಯದಕ್ಕೆ ಏಳು. ಅದೇ ಕಸ್ತೂರಿ, ಅದೇ ಮದುವೆ, ಅದೇ ದೇಸಾಯರ ದಂಡು. ಓದುತ್ತ ಹೋದಂತೆ ಅಕ್ಷರಗಳ ಹಿಂದೆ ಗುರುಲಿಂಗಪ್ಪನ ದನಿಯೇ ಕೇಳಿದ ಹಾಗಾಗಿ, ಪಾಯಪ್ಪ ನಡುನಡುವೆ ಪುಸ್ತಕದ ಕಡೆ ನೋಡಿ "ಹೂಂ" ಅನ್ನುತ್ತಿದ್ದ.

ಮಹಾನವಮಿ ಸಮೀಪಿಸಿತು. ಮೂವತ್ತೆಂಟನೆಯ ಪುಟದಲ್ಲಿ ಕಸ್ತೂರಿಗೆ ಚಳಿಜ್ವರ ಬಂತು. ಮೂವತ್ತೊಂಬತ್ತರ ನಡುವೆ ಒಂದು ಶಬ್ದ ಬಂತು. ಪಾಯಪ್ಪ ಅದನ್ನು ನಾಲ್ಕು ಸಲ ಕೂಡಿಸಿ ಓದಿದ. ತಾನೇ ತಪ್ಪು ಓದುತ್ತಿದ್ದೇನೆ ಅಂದುಕೊಂಡ.

"ಇಲ್ಲಿ ಬಾ. ಇದೊಂದು ಶಬ್ದ ಏನೈತಿ ನೋಡು."

ಕಮಲವ್ವ ಹಿಟ್ಟಿನ ಕೈ ಹಿಂದಕ್ಕೆ ಕಟ್ಟಿ ಬಗ್ಗಿ ನೋಡಿದಳು. "‘ಸತ್ತಳು’ ಅಂತ ಐತಿ."

"ಚಲೋತ್ನ್ಯಾಗ ನೋಡು."

"ನೋಡೇನ್ರಿ." ಒಲೆಯ ಕಡೆ ತಿರುಗಿದಳು. "ಇದಕ್ಕೇನ ನನ್ನ ನೇಮ ಮುರೀಲಿಲ್ಲ ತಗೋರಿ. ಇದು ವಿಕಥಿ ಅಲ್ಲ."

ಮೂರೇ ಸಾಲಿನಲ್ಲಿ ಕಸ್ತೂರಿ ಸತ್ತಿದ್ದಳು. ಪಾಯಪ್ಪ ಉಳಿದ ಇನ್ನೂರು ಪುಟವನ್ನೂ ಓದಿ ಮುಗಿಸಿದ. ಈಗ ಓಟ ಬಂದಿತ್ತು, ಕಣ್ಣೂ ಹಟಕ್ಕೆ ಬಿದ್ದಿತ್ತು. ಅದರಲ್ಲಿ ಅವಳ ಮೈದುನರು ಹೊಲದ ಸಲುವಾಗಿ ಖಟ್ಲೆ ಹೂಡುತ್ತಾರೆ, ವಕೀಲರು ಮಾತಾಡುತ್ತಾರೆ, ಮತ್ತೂ ಮಾತಾಡುತ್ತಾರೆ. ಅಷ್ಟು ಮಾತಿಗೆ ಘಟಪ್ರಭೆಯೇ ಬತ್ತಬೇಕು. ಕಳ್ಳರಿಲ್ಲ, ಕುದುರೆ ಇಲ್ಲ, ಅಲ್ಲವ್ವ ಇಲ್ಲ. ಹೊಳೆಯೇ ಇಲ್ಲ.

ಅವನು ಕೂತು ಲೆಕ್ಕ ಹಾಕಿದ. ಮೂವತ್ತೊಂಬತ್ತನೆಯ ಪುಟ ಅಂದರೆ ಎರಡನೆಯ ಸಂತೆ. ಉಳಿದ ಹನ್ನೊಂದು ಸಂತೆ ಗುರುಲಿಂಗಪ್ಪ ಮನೆಯಿಂದ ತಂದದ್ದು. ಹಾಗಾದರೆ ಇಪ್ಪತ್ತೆರಡು ವರ್ಷ ಕೇಳಿದ ಕಥೆಗಳಲ್ಲಿ ಅಚ್ಚಾದದ್ದು ಯಾವುದು, ನಾಗನೂರಿನ ಕಬ್ಬಿನೊಳಗೆ ಬೆಳೆದದ್ದು ಯಾವುದು? ತೆಗೆಸಿ ನೋಡಬಹುದಿತ್ತು, ಈಗ ಅಕ್ಷರ ಬರುತ್ತಿದ್ದವು. ಅವನಿಗೆ ನೋಡುವ ಮನಸ್ಸಾಗಲಿಲ್ಲ. ತಾನು ಆ ಗೆಳೆಯನಿಗೆ ಎಲ್ಲವನ್ನೂ ಗುಂಜಿ ಹಿಡಿದು ತೂಗಿ ಕೊಟ್ಟಿದ್ದ, ಬಾವಿಗಳನ್ನು ಸಹ. ಅವನು ರಾಶಿಯಿಂದ ಮೊಗೆದು ಸುರಿದ. ತನ್ನ ನಿಯತ್ತಿನ ಬಗ್ಗೆ ಪಾಯಪ್ಪನಿಗೆ ಹುಟ್ಟಿದಾಗಿನಿಂದ ಮೊದಲ ಸಲ ಕಸಿವಿಸಿಯಾಯಿತು. ಅದಕ್ಕಿಂತ ಹೆಚ್ಚು ಸುಡುತ್ತಿದ್ದದ್ದು ಬೇರೆ. ಕಸ್ತೂರಿ ಹೊಳೆಯ ದಂಡೆಯಲ್ಲಿ ಇನ್ನೂ ನಿಂತೇ ಇದ್ದಳು, ಮತ್ತು ಅವಳ ಮುಂದಿನ ದಾರಿ ಬರೆದ ಪುಸ್ತಕ ಈ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ.

ಪುಸ್ತಕ ಹಿಂದಿರುಗಿಸಲು ನಾಗನೂರಿಗೆ ಹೋದ. ಆ ಮನೆಯಲ್ಲಿ ಪಾಯಪ್ಪನ ಸಲುವಾಗಿಯೇ ನೀರು ಸೋಸಲು ಒಂದು ಬಿಳಿ ಅರಿವೆ ಬೇರೆ ಇಟ್ಟಿದ್ದರು. ಶಂಕ್ರವ್ವ ಅದರಿಂದಲೇ ಸೋಸಿ ತಂಬಿಗೆ ಮುಂದಿಟ್ಟಳು.

"ಓದಿದ್ರೇನ್ರಿ ಅಣ್ಣಾರ? ಆ ಹೆಣ್ಣಮಗಳು ಹೊಳಿ ದಾಟಿದ್ಲೇನ್ರಿ?"

ಪಾಯಪ್ಪ ತಂಬಿಗೆ ಕೆಳಗಿಟ್ಟ. "ಹೊಳೀ ಸುದ್ದಿ ನಿನಗ ಹೆಂಗ ಗೊತ್ತ ತಂಗಿ?"

"ಗೊತ್ತಿಲ್ದ ಏನ್ರಿ? ದಿನಾ ಎತ್ತಿಗೆ ಮೇವ ಹಾಕೂ ಮುಂದ ಅವುಗಳ ಮುಂದ ಹೇಳತಿದ್ರು. ಎತ್ತು ಮೇಯೂದು ಬಿಟ್ಟು ಕಿವಿ ನಿಗರಿಸಿದ್ರ ಸಂತಿಗೆ ಒಯ್ಯೂದು. ಮೇಯ್ಕೋತ ನಿಂತ್ರ, ‘ಇದು ಪಾಯಪ್ಪಗ ನಡ್ಯೂದಿಲ್ಲ’ ಅಂತ ಬದಲಿ ಮಾಡೂದು."

"ಎತ್ತಿನ ಮುಂದ," ಅಂದ ಪಾಯಪ್ಪ.

"ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ. ಬಲದ ಎತ್ತು ಭಾಳ ಶಾಣ್ಯಾ."

"ಕಡೀಕ ಏನ ಹೇಳಿದ? ದಾಟಸಾಂವ ಇದ್ನೋ ಇಲ್ಲೋ?"

ಶಂಕ್ರವ್ವ ಸೆರಗಿನ ಅಂಚು ಬೆರಳಿಗೆ ಸುತ್ತಿದಳು. "ಕಡೀ ಸಂತಿಗೆ ಹೊಂಡೂ ಮುಂದ ನನ್ನ ಕೇಳಿದ್ರು. ‘ಆಕಿನ್ನ ಇವತ್ತ ದಾಟಸ್ಲೇನು? ದಾಟಿಸಿದ್ರ ಕಥಿ ಮುಗೀತೈತಿ. ಮುಗದ್ರ ಪಾಯಪ್ಪ ಮತ್ತ ಮರಾಠಿ ಬಾವಿ ಹೊತ್ಕೊಂಡು ಬರ್ತಾನ’ ಅಂದ್ರು. ನಾ ಅಂದ್ನಿ, ಒಂದ ವಾರ ನಿಲ್ಲಸ್ರಿ, ಆಕಿಗೇನ ಕಾಲ ನೋಯತಾವ?" ದನಿ ಇಳಿಯಿತು. "ನಾನ ನಿಲ್ಲಸಿದ್ನಿರಿ ಅಣ್ಣಾರ ಆಕಿನ್ನ."

ಪಾಯಪ್ಪ ಅವಳನ್ನು ನೋಡಿದ. ಇಲ್ಲದ ಗಿಳಿಯನ್ನು ಗಿಡದ ಮೇಲೆ ಕೂಡಿಸದವನು ಪುಸ್ತಕವನ್ನು ಬಾಜೂಕ್ಕೆ ಸರಿಸಿ ಗಂಟಲು ಸರಿಮಾಡಿಕೊಂಡ.

"ದಾಟಿದ್ಲು ತಂಗಿ. ಕೇಳು. ಅಂಬಿಗ ಉಂಡು ಬಂದ. ಕೈ ಸೈತ ತೊಳದಿದ್ದಿಲ್ಲ. ‘ಹತ್ತವಾ’ ಅಂದ. ನಡು ಹೊಳ್ಯಾಗ ಸುಳಿ. ಎಂಥಾದ್ದು? ನಮ್ಮ ಪ್ಯಾಟಿ ಹಿಡಿಸೂವಷ್ಟು ಸುಳಿ. ಹರಗೋಲ ಬುಟ್ಟಿ ಹನ್ನೊಂದು ಸುತ್ತು ತಿರಗಿತು. ಆಕಿ ಅಂಬಿಗನ ಹುಟ್ಟ ಕಸಗೊಂಡು ತಾನ ಹಾಕಿದ್ಲು. ದಂಡಿ ಮುಟ್ಟಿದ್ಲು. ಅಂವ ರುಮಾಲು ಸುತ್ತೂದು ಮುಗಿಸಿ ತಿರಗಿದ."

"ಆತನ ಹೌದೇನ್ರಿ?"

"ಆತನ."

ಶಂಕ್ರವ್ವ ಕಣ್ಣು ಒರೆಸಿಕೊಂಡಳು. "ಪಾಡಾತ್ರಿ, ಚಲೋ ಆತು," ಅಂದಳು. ಅವಳ ಮುಖ ಎಷ್ಟೋ ಹಗುರಾಗಿತ್ತು. ನಾಲ್ಕು ರೊಟ್ಟಿ ಬಡಿದು, ಹೊತ್ತು ಮುಳುಗುವುದರೊಳಗೆ ಉಂಡು ಹೋಗಬೇಕೆಂದು ಕೂಡಿಸಿದಳು. ಪಾಯಪ್ಪ ಉಂಡ.

ಮೂಡಲಗಿಗೆ ಹೋಗುವ ಒಂದು ಗಾಡಿ ಸಿಕ್ಕಿತು, ಹತ್ತಿ ಕೂತ. ಹಾದಿಯುದ್ದಕ್ಕೂ ಅವನು ಕಸ್ತೂರಿಯನ್ನು ಆಚೆ ದಂಡೆಯಲ್ಲಿ ಕಾಣಲು ನೋಡಿದ. ಕಾಣಲಿಲ್ಲ. ಅವನ ಕಣ್ಣಿಗೆ ಅವಳು ಈಚೆ ದಂಡೆಯಲ್ಲೇ ಇದ್ದಳು. ತಾನು ಹೇಳಿದ್ದನ್ನು ತಾನೇ ನಂಬಲು ಯಾರಿಗೆ ಬರುತ್ತದೆ? ಅವಳು ದಾಟಿದ್ದನ್ನು ಅವನು ಕೇಳಬೇಕಾಗಿತ್ತು, ಗೋಣಿತಟ್ಟಿನ ಮೇಲೆ ಕೂತು, ಹೂಂ ಅನ್ನುತ್ತ.

ನಾಗನೂರಿನ ಕಬ್ಬಿನ ಹೊಲಗಳು ಹಿಂದೆ ಬಿದ್ದವು. ಮುಂದಿನ ಸಂತೆಗೆ ಎಷ್ಟು ದಿನ ಅಂತ ಅವನ ಕೈ ತಾನಾಗಿಯೇ ಬೆರಳು ಮಡಚತೊಡಗಿತು. ಸೋಮವಾರ, ಮಂಗಳವಾರ, ಬುಧವಾರ. ಮೂರು ಬೆರಳು ಮಡಚಿ ಕೈ ಅಲ್ಲಿಗೇ ನಿಂತಿತು. ಸಂತೆಗೆ ಇನ್ನೂ ದಿನ ಉಳಿದಿದ್ದವು, ಕಥೆ ತರುವವನು ಉಳಿದಿರಲಿಲ್ಲ. ಅದನ್ನು ಹಾಗೇ ಮುಚ್ಚಿ ಹಿಡಿದುಕೊಂಡು ಪಾಯಪ್ಪ ಊರು ಬರುವ ತನಕ ಕೂತಿದ್ದ.